ತಂಬೂರಿಗೂ ತಿಕೀಟು

2 ಆಗಸ್ಟ್ 2025, ಶನಿವಾರ
ರಾತ್ರಿ 11.40

ನಿದ್ದೆ ಹತ್ತುತ್ತಿಲ್ಲ. ಹೊರಗೆ ಶ್ರಾವಣದ ಜಿಟಿಜಿಟಿ ಮಳೆ. ಸುಮ್ನೆ ಹೊರಳಾಡೋದಕ್ಕಿಂತ ಬರೆಯೋಣ ಅಂತ ಎದ್ದು ಕೂತೆ.

ಮಳೆಗಾಲದ ಶನಿವಾರಗಳಲ್ಲಿ ಧಾರವಾಡದಲ್ಲಿ ನಾವು ಕಾರ್ಯಕ್ರಮ ಇಟ್ಟುಕೊಳ್ಳೋದು ನಿಮಗೆ ಗೊತ್ತೇ ಇದೆ. ಕಳೆದ ವಾರ ಕಥಕ್, ಇವತ್ತು ಗಾಯನ, ಬರೋ ವಾರ ಸಿನಿಮಾ. ಕಥಕ್ ದಿನ ಅರ್ಧ ಕುರ್ಚಿ ಖಾಲಿ ಇದ್ದವು. ಇವತ್ತು ಗೋಡೆಗೆ ಒರಗಿ ನಿಂತು ಕೇಳಿದರು. ಧಾರವಾಡದವರಿಗೆ ಕಿವಿ ಇದೆ, ಕಣ್ಣಿಲ್ಲ ಅಂತ ಕಾಕಾಗೆ ಅಂದೆ. ಸಿಟ್ಟಿಗೆದ್ದ. ಮಿಯಾ ಮಲ್ಹಾರ್ ರಾಗ ಮುಗಿದು ಮಾಲಕಂಸ ಶುರುವಾದಾಗ ಅವನ ಸಿಟ್ಟು ಗಾಯಕರ ಕಡೆ ತಿರುಗಿತು. "ನಡುರಾತ್ರಿ ರಾಗ, ಎಂಟೂವರಿಗೆ ಹಾಡತಾನ!" ಆಮೇಲೆ ಕಣ್ಣು ಮುಚ್ಚಿ ಕೂತವನು ಕೊನೆಯ ತನಕ ಮಾತಾಡಲಿಲ್ಲ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಹಾಡಲ್ಲ, ಧಾರವಾಡ-ಹುಬ್ಬಳ್ಳಿ ನಡುವಿನ ಚಿಗರಿ ಬಸ್ಸು.

ಜುಬಿಲಿ ಸರ್ಕಲ್‌ನಲ್ಲಿ ಹತ್ತಿದೆ. ಕಿಟಕಿ ಪಕ್ಕದ ಸೀಟಿನಲ್ಲಿ ಗವಸು ಹಾಕಿದ ತಂಬೂರಿ, ಮಳೆಗೆ ಅಂತ ಮೇಲೊಂದು ಪ್ಲಾಸ್ಟಿಕ್ ಹಾಳೆ. ಪಕ್ಕದಲ್ಲಿ ತುದಿಗೆ ಕೂತು ಅದರ ಬುರುಡೆ ತಬ್ಬಿಕೊಂಡ ಹುಡುಗಿ. ಒಂದು ತಾಸಿನ ಹಿಂದೆ ಗಾಯಕರ ಬೆನ್ನ ಹಿಂದೆ ಕೂತು ತಂಬೂರಿ ಮೀಟುತ್ತಿದ್ದವಳು. ಗುರುತು ಸಿಕ್ಕಿದ್ದು ಮುಖದಿಂದಲ್ಲ, ಹಳದಿ ಸೀರೆಯಿಂದ. ಎರಡು ತಾಸು ಎದುರಿಗೇ ಇದ್ದರೂ ಮುಖ ನೋಡಿರಲಿಲ್ಲ.

ಎದುರು ಸೀಟಿನ ಅಜ್ಜನಿಗೆ ತಡೆಯಲಾಗಲಿಲ್ಲ. "ಏನವಾ ಅದು, ಕುಂಬಳಕಾಯಿ?"

"ತಂಬೂರಿ ರೀ ಅಜ್ಜಾ."

"ಅದಕ್ಕೂ ತಿಕೀಟು ತಗಿಸೀಯೇನು?"

"ತಗಿಸೀನ್ರಿ. ಮೊದಲ ಅದಕ್ಕ ಸೀಟು, ಆಮ್ಯಾಲೆ ನನಗ."

ಮಾಲಕಂಸ ಚಲೋ ಆಯ್ತು ಅಂದೆ. ಹಾಡಿದವರಿಗೆ ಹೇಳಬೇಕಾದ ಮಾತನ್ನು ಇವಳಿಗೆ ಹೇಳಿದೆ, ಮತ್ತೇನು ಹೇಳಬೇಕೋ ತಿಳಿಯಲಿಲ್ಲ. ಅವಳು ನಕ್ಕಳು. "ಪಂಚಮ ಇಳಸೂದರಾಗ ನನಗ ಬೆವರು ಬಂದಿತ್ರಿ."

ತಂಬೂರಿಗೆ ನಾಲ್ಕು ತಂತಿ. ಮೊದಲನೆಯದು ಪಂಚಮ, ಅಂದರೆ 'ಪ' ಸ್ವರ; ನಡುವಿನ ಎರಡು ಷಡ್ಜ, ಅಂದರೆ 'ಸ'; ಕೊನೆಯದು ಖರ್ಜದ, ಅಂದರೆ ಕೆಳಗಿನ ಷಡ್ಜ. ಮಾಲಕಂಸದಲ್ಲಿ ಪಂಚಮವೇ ಇಲ್ಲ. ಹಾಗಾಗಿ ಮೊದಲ ತಂತಿಯನ್ನು ಮಧ್ಯಮಕ್ಕೆ, ಅಂದರೆ 'ಮ'ಗೆ ಇಳಿಸಬೇಕು. ಅದೂ ವೇದಿಕೆ ಮೇಲೆ, ಗಾಯಕರು ನೀರು ಕುಡಿದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ. ಮೇಲೆ ಖುಂಟಿ ತಿರುವಿ, ಕೆಳಗೆ ಮಣಿ ಸರಿಸಿ, ಕಿವಿ ಹಚ್ಚಿ ಕೇಳಿ. ಹೊರಗೆ ಮಳೆಯ ಥಂಡಿ, ಒಳಗೆ ಎಸಿ, ತಂತಿ ನಿಂತಲ್ಲಿ ನಿಲ್ಲೋದಿಲ್ಲವಂತೆ. ಆ ಹೊತ್ತಿಗೆ ನಾನು ವಾಟ್ಸಾಪ್ ನೋಡ್ತಾ ಇದ್ದೆ.

ಪರ್ಸಿನಿಂದ ಬೆಂಕಿಪೊಟ್ಟಣ ತೆಗೆದಳು. ಒಳಗೆ ಬಿಳಿ ನೂಲಿನ ತುಂಡುಗಳು. ತಂತಿ ಕುದುರೆಯ ಮೇಲೆ, ಅಂದರೆ ಬುರುಡೆ ಮೇಲಿನ ಪಟ್ಟಿಯ ಮೇಲೆ ಹಾಯುವಲ್ಲಿ ಈ ಎಳೆ ಸಿಗಿಸಿ, ಕೂದಲಷ್ಟು ಅತ್ತಿತ್ತ ಸರಿಸಿದರೆ ದನಿ ಬಿಚ್ಚಿಕೊಂಡು ಗುಂಯ್ ಅನ್ನುತ್ತೆ. ಜಾಗ ತಪ್ಪಿದರೆ ಟಣ್ ಅಂದು ಅಲ್ಲೇ ಸಾಯುತ್ತೆ. ಇದಕ್ಕೆ ಜವಾರಿ ಅಂತಾರೆ ಅಂದಳು. ಅಜ್ಜ ಮುಂದೆ ಬಾಗಿದ. "ಜವಾರಿ ಅಂದ್ರ? ನಮ್ಮ ಜವಾರಿ ಬದನಿಕಾಯಿ ಗತೆ?"

"ಹೂಂ ರೀ ಅಜ್ಜಾ, ಹಂಗ."

ಬಸ್ಸು ನವಲೂರು ದಾಟಿತ್ತು. ತೋರುಬೆರಳಿನ ತುದಿ ತೋರಿಸಿದಳು. ಒಣಗಿದ ಗಂಟು, ಬಣ್ಣ ಹಳದಿಗೆ ತಿರುಗಿದೆ. ಆಮೇಲೆ ಏನೋ ನೆನಪಾದಂತೆ ಅಂದಳು: "ಕಾಗದದಾಗ ನನ್ನ ಹೆಸರ ಇರಲಿಲ್ರಿ. ಅವ್ವಗ ಫೋಟೋ ಕಳಿಸಿದ್ದೆ. ನೀ ಖರೇನ ಸ್ಟೇಜ್ ಮ್ಯಾಲಿದ್ದೇನು ಅಂತ ಕೇಳ್ಯಾಳ." ದೂರು ಹೇಳೋ ದನಿ ಅಲ್ಲ. ನಗ್ತಾನೇ ಹೇಳಿದಳು.

ಕಾರ್ಯಕ್ರಮದ ವಿವರದ ಆ ಕಾಗದ ಟೈಪ್ ಮಾಡಿದ್ದು ನಾನು. ಗಾಯನ, ತಬಲಾ, ಹಾರ್ಮೋನಿಯಂ. ಅಷ್ಟೇ. ಒಂದು ಪ್ರತಿ ನನ್ನ ಅಂಗಿ ಜೇಬಿನಲ್ಲೇ ಇತ್ತು.

"ಹೌದಾ" ಅಂದೆ. ಅವಳು ಉಣಕಲ್ಲಿನಲ್ಲಿ ಇಳಿಯುವಾಗ ತಂಬೂರಿ ಎತ್ತಿಕೊಟ್ಟೆ. ಭಾರ ಅಂದುಕೊಂಡಿದ್ದೆ. ಇಲ್ಲ, ಟೊಳ್ಳು ಬುರುಡೆ, ಹಗುರ.

ಮನೆಗೆ ಬಂದು ಅನ್ನ ಸಾರು ಉಂಡೆ. ರುಚಿ ಹತ್ತಲಿಲ್ಲ.

ಗುರುವಿನ ಬಳಿ, ಗಾಯಕರ ಜೊತೆ ಕೂತವರೂ ಮುಖ್ಯ ಅಂತ ನಮ್ಮ ಊರವರಿಗೆ ಬೇರೆ ಹೇಳಬೇಕಾ? ಗದಗಿನಿಂದ ಓಡಿಹೋದ ಭೀಮಸೇನ ಜೋಶಿ ಗುರುವನ್ನು ಹುಡುಕಿ ಊರೂರು ಅಲೆದು, ಕಡೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಕಾಲ ಬಳಿ ಕೂತರು. ಗಂಗೂಬಾಯಿ ಹಾನಗಲ್ಲರ ಕಛೇರಿಯಲ್ಲಿ ಮಗಳು ಕೃಷ್ಣಾ ಜೊತೆಗೆ ಹಾಡುತ್ತಿದ್ದರು. ಇದನ್ನೆಲ್ಲ ನಾನೇ ಭಾಷಣದಲ್ಲಿ ಹೇಳ್ತೀನಿ. ಚಪ್ಪಾಳೆ ಬೀಳುತ್ತೆ. ಹಿಂದೆ ಕೂತವರ ಹೆಸರು ಹಾಕೋ ಹೊತ್ತಿಗೆ ಮಾತ್ರ ಜಾಗ ಸಾಲಲ್ಲ!

ಮುಂದಿನ ವಾರದ ಕಾಗದ ತೆಗೆದು ನೋಡಿದೆ. ಸತ್ಯಜಿತ್ ರಾಯ್ ಅವರ 1958ರ 'ಜಲಸಾಘರ್'. ಸಂಗೀತ ವಿಲಾಯತ್ ಖಾನ್, ಹಾಡು ಬೇಗಂ ಅಖ್ತರ್, ಕಥಕ್ ರೋಶನ್ ಕುಮಾರಿ. ರೋಶನ್ ಕುಮಾರಿ ಬಗ್ಗೆ ನಾಲ್ಕು ಸಾಲು ಜಾಸ್ತಿಯೇ ಬರೆದಿದ್ದೇನೆ, ಕಳೆದ ವಾರ ಬರದವರ ಹೊಟ್ಟೆ ಉರಿಯಲಿ ಅಂತ. ದಿವಾಳಿಯಾದ ಜಮೀನ್ದಾರ ಉಳಿದ ದುಡ್ಡೆಲ್ಲ ಸುರಿದು ಕಡೆಯ ಜಲಸಾ, ಅಂದರೆ ಸಂಗೀತ-ನೃತ್ಯದ ಮೆಹಫಿಲ್ ಮಾಡಿಸೋದು ಆ ನೃತ್ಯಕ್ಕೇ. ನಾಲ್ಕು ಸಲ ನೋಡಿದ್ದೇನೆ. ಆ ಜಲಸಾಗಳಲ್ಲಿ ತಂಬೂರಿ ಹಿಡಿದು ಕೂತವರ ಮುಖ ನೆನಪು ಮಾಡಿಕೊಳ್ಳೋಕೆ ನೋಡಿದೆ. ಒಂದೂ ಬರಲಿಲ್ಲ.

ಅದರ ಮುಂದಿನ ಶನಿವಾರ ಮತ್ತೆ ಗಾಯನ. ಹಾರ್ಮೋನಿಯಂ ಕೆಳಗೆ 'ತಂಬೂರಿ' ಅಂತ ಟೈಪ್ ಮಾಡಿ ಎರಡು ಚುಕ್ಕಿ ಇಟ್ಟೆ. ಗದಗಿನಿಂದ ಇಬ್ಬರು ಬರ್ತಾರಂತೆ. ಹೆಸರು ಕೇಳಬೇಕು ಅಂದರೆ ಗಾಯಕರಿಗೇ ಫೋನ್ ಹಚ್ಚಬೇಕು. ಈಗ ಹಚ್ಚಿದರೆ ಬೈತಾರೆ. ಹಂಗಂತ ಬೆಳಗ್ಗೆವರೆಗೆ ಬಿಟ್ಟರೆ ನಾನು…