ಒಡೆದ ಹಳೆ ಗಾಜು ತೆಗೆದು ಹೊಸದು ಹಾಕಿದರೆ ಆಗಲ್ವಾ?

ಯುರೋಪಿನ ಹಳೆ ಚರ್ಚುಗಳ ಬಣ್ಣದ ಗಾಜಿನ ಕಿಟಕಿಗಳ ಬಗ್ಗೆ ಮಾತು ತೆಗೆದರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ: "ಒಡೆದ ಚೂರುಗಳನ್ನು ಒಂದೊಂದೇ ಅಂಟಿಸುತ್ತಾ ಕೂರೋದು ಯಾಕೆ? ಅದೇ ಬಣ್ಣದ ಹೊಸ ಗಾಜು ಹಾಕಿದರೆ ಆಗಲ್ವಾ?"

ಕೆಳಗೆ ನಿಂತು ನೋಡುವವರಿಗೆ ವ್ಯತ್ಯಾಸ ಗೊತ್ತಾಗದೇ ಇರಬಹುದು, ನಿಜ. ಆದರೂ ಬೇಡ ಅಂತಲೇ ನಾನು ಹೇಳುತ್ತೇನೆ. ಯಾಕೆ ಅನ್ನುವುದಕ್ಕೆ ಇಂಗ್ಲೆಂಡಿನ ದೊಡ್ಡ ಚರ್ಚಾದ ಕ್ಯಾಂಟರ್ಬರಿ ಕೆಥೆಡ್ರಲ್‌ನ ಕತೆ ಕೇಳಿ.

ಅಲ್ಲಿ ಯೇಸುವಿನ ಪೂರ್ವಜರ ಚಿತ್ರಗಳಿರುವ ಗಾಜಿನ ಸಾಲೊಂದಿದೆ. 1174ರಲ್ಲಿ ಬೆಂಕಿ ಬಿದ್ದು ಕಟ್ಟಡದ ಪೂರ್ವ ಭಾಗ ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟುವಾಗ ಈ ಗಾಜನ್ನೆಲ್ಲ ಮಾಡಿದರು ಎಂದೇ ಬಹಳ ಕಾಲ ನಂಬಿದ್ದರು. 1980ರ ದಶಕದಲ್ಲಿ ಕಲೆಯ ಇತಿಹಾಸ ಬಲ್ಲ ಮ್ಯಾಡಲಿನ್ ಕ್ಯಾವಿನೆಸ್ ಅದನ್ನು ಒಪ್ಪಲಿಲ್ಲ. ಕೆಲವು ಚಿತ್ರಗಳ ಶೈಲಿಯೇ ಬೇರೆ, ಅವು ಬೆಂಕಿಗಿಂತ ಮುಂಚಿನವು ಇರಬೇಕು ಎಂದರು. ಅದು ಪಳಗಿದ ಕಣ್ಣಿನ ಅಂದಾಜು. 2021ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಕೈಯಲ್ಲೇ ಹಿಡಿಯಬಹುದಾದ ಎಕ್ಸ್-ರೇ ಯಂತ್ರದಿಂದ ಅದೇ ಗಾಜನ್ನು ಪರೀಕ್ಷಿಸಿದ ಫಲಿತಾಂಶ ಹೊರಬಂತು. ಗಾಜಿನಲ್ಲಿ ಯಾವ ಧಾತು ಎಷ್ಟಿದೆ ಅನ್ನುವುದನ್ನು ಆ ಯಂತ್ರ ಹೇಳುತ್ತದೆ; ಬೇರೆ ಬೇರೆ ಕಾಲದ ಗಾಜಿನಲ್ಲಿ ಆ ಪ್ರಮಾಣ ಬೇರೆ ಇರುವುದರಿಂದ ಗಾಜಿನ ವಯಸ್ಸು ಅಂದಾಜಿಸಬಹುದು. ಗಾಜಿನ ಚೂರುಗಳನ್ನು ಹಿಡಿದಿಡುವ ಸೀಸದ ಪಟ್ಟಿಗಳ ನಡುವೆ ಯಂತ್ರ ಸರಿಯಾಗಿ ಕೂರಲಿ ಅಂತ ಪುಟ್ಟ ಬಿಡಿಭಾಗವೊಂದನ್ನು 3ಡಿ ಪ್ರಿಂಟರ್‌ನಲ್ಲಿ ಮಾಡಿಕೊಂಡಿದ್ದರು. ಗಾಜಿನಿಂದ ಒಂದು ಚೂರನ್ನೂ ಮುರಿದುಕೊಳ್ಳಬೇಕಾಗಲಿಲ್ಲ. ಪ್ರವಾದಿ ನಾತಾನನ ಚಿತ್ರ ಸೇರಿ ಕೆಲವು ಗಾಜುಗಳು 1130ರಿಂದ 1160ರ ನಡುವಿನವು ಅನ್ನಲು ಬಲವಾದ ಆಧಾರ ಸಿಕ್ಕಿತು. ಅಂದರೆ 1170ರಲ್ಲಿ ಆರ್ಚ್‌ಬಿಷಪ್ (ಅಲ್ಲಿನ ಹಿರಿಯ ಧರ್ಮಗುರು) ಥಾಮಸ್ ಬೆಕೆಟ್ ಅದೇ ಕೆಥೆಡ್ರಲ್ ಒಳಗೆ ಕೊಲೆಯಾದಾಗ ಈ ಗಾಜು ಅಲ್ಲೇ ಇದ್ದಿರಬೇಕು! ನೆನೆದರೆ ಮೈ ಜುಮ್ಮೆನ್ನುತ್ತದೆ.

ಮಧ್ಯದಲ್ಲಿ ಯಾರೋ ಅಂದಕ್ಕಾಗಿ ಹೊಸ ಗಾಜು ಹಾಕಿದ್ದರೆ ಆ ಯಂತ್ರಕ್ಕೆ ಓದಲು ಏನೂ ಉಳಿಯುತ್ತಿರಲಿಲ್ಲ, ಅಲ್ವಾ? 19ನೇ ಶತಮಾನದಲ್ಲಿ ಎಷ್ಟೋ ಕಡೆ ಹಾಗೇ ಆಗಿದೆ. ಮುಖ ಮಾಸಿದೆ ಅಂತ ಹೊಸ ಮುಖ ಕೂರಿಸಿದರು. ಕೊಳೆ ಅಂತ ಉಜ್ಜಿ ಹಳೆ ಗೆರೆಗಳನ್ನೇ ಅಳಿಸಿಬಿಟ್ಟರು. ಇದು ನನಗೆ ತುಂಬ ನೋವು ಕೊಡುವ ವಿಷಯ.

ಇನ್ನು, ಹಳೆ ಗಾಜು ಸುಮ್ನೆ ಬಿಟ್ಟರೂ ಹಾಳಾಗುತ್ತದೆ. ಆ ಕಾಲದಲ್ಲಿ ಮರಳಿನ ಜೊತೆ ಮರದ ಬೂದಿ ಬೆರೆಸಿ ಗಾಜು ಮಾಡುತ್ತಿದ್ದರು. ಬೂದಿಯಿಂದ ಬರುವ ಪೊಟ್ಯಾಸಿಯಂ ಜಾಸ್ತಿ ಇರುವುದರಿಂದ ತೇವ ತಾಗಿ ತಾಗಿ ಮೇಲೆ ಗುಳಿ ಬೀಳುತ್ತದೆ, ಬಿಳಿ ಪದರ ಕಟ್ಟುತ್ತದೆ. ಇದಕ್ಕೆ ಇಂಗ್ಲೆಂಡಿನದೇ ಇನ್ನೊಂದು ದೊಡ್ಡ ಚರ್ಚಾದ ಯಾರ್ಕ್ ಮಿನ್‌ಸ್ಟರ್‌ನಲ್ಲಿ ಮಾಡಿರುವ ಉಪಾಯ ನನಗೆ ಬಹಳ ಇಷ್ಟ. ಅಲ್ಲಿನ ಪೂರ್ವದ ದೊಡ್ಡ ಕಿಟಕಿಯನ್ನು ಜಾನ್ ಥಾರ್ನ್‌ಟನ್ 1405ರಿಂದ 1408ರವರೆಗೆ ಮಾಡಿದ. ಅದರ 311 ಫಲಕಗಳ ದುರಸ್ತಿ ಮುಗಿದಿದ್ದು 2018ರಲ್ಲಿ. ಹಳೆ ಗಾಜಿನ ಹೊರಗೆ ಈಗ ಇನ್ನೊಂದು ಗಾಜಿನ ಪದರ ಇದೆ. ಮಳೆ ಬೀಳುವುದು ಅದರ ಮೇಲೆ. ಎರಡರ ನಡುವೆ ಗಾಳಿಯಾಡುತ್ತದೆ, ಹಳೆಯದು ಒಣಗಿಯೇ ಇರುತ್ತದೆ.

ಹಾಗಾದರೆ ಹೊಸ ಗಾಜು ಹಾಕುವುದೇ ಇಲ್ವಾ? ಹಾಕುತ್ತಾರೆ, ಚೂರು ಪೂರ್ತಿ ಕಳೆದುಹೋದ ಜಾಗದಲ್ಲಿ. ಅದು ಹೊಸದು ಅಂತ ಮುಂದೆ ಯಾರಿಗಾದರೂ ಗೊತ್ತಾಗುವ ಹಾಗೆ ದಾಖಲೆ ಬರೆದಿಡುತ್ತಾರೆ. ಒಡೆದ ಚೂರುಗಳನ್ನು ಸೇರಿಸುವಾಗಲೂ, ಬೇಕಾದರೆ ನಾಳೆ ಬಿಡಿಸಲು ಬರುವಂಥ ಅಂಟನ್ನೇ ಆದಷ್ಟೂ ಹುಡುಕುತ್ತಾರೆ.