ನಡುವೇ ಇಲ್ಲದ ಪಟ್ಟಿ

ಮನಶ್ಶಾಸ್ತ್ರ ವಿಭಾಗಕ್ಕೆ ಈ ವರ್ಷ ಇಬ್ಬರು ಅಧ್ಯಾಪಕರೂ ಒಬ್ಬ ಪ್ರಯೋಗಾಲಯ ಸಹಾಯಕರೂ ಹೊಸದಾಗಿ ಸೇರಿದ್ದಾರೆಂಬ ಸುದ್ದಿಯೂ, ನಮಗೆ ಪ್ರಾಯೋಗಿಕ ಮನಶ್ಶಾಸ್ತ್ರ ಕಲಿಸಿದ ಗುರುಗಳು ತೀರಿಕೊಂಡರೆಂಬ ಸುದ್ದಿಯೂ ನನಗೆ ಒಂದೇ ವಾರದಲ್ಲಿ ತಲುಪಿದವು. ವಿಭಾಗದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಈ ಎರಡು ಸುದ್ದಿಗಳನ್ನು ಬೇರೆಬೇರೆಯಾಗಿ ನೋಡುವುದು ನನ್ನಿಂದಾಗಲಿಲ್ಲ. ಆ ಗುರುಗಳೂ 30 ವರ್ಷಗಳ ಹಿಂದೆ ಹೀಗೆಯೇ, ಇನ್ನಿಬ್ಬರ ಜೊತೆಯಲ್ಲಿ, ಹೊಸಬರಾಗಿ ಬಂದವರು. ಅವರು ಬಂದ ವರ್ಷ ನಾನು ಅಲ್ಲಿ ಸ್ನಾತಕೋತ್ತರ ತರಗತಿಯಲ್ಲಿದ್ದೆ.

ಅವರು ಬರುವ ಮುನ್ನ ವಿಭಾಗ ಹೇಗಿತ್ತೆಂಬುದನ್ನು ಹೇಳದಿದ್ದರೆ ಅವರ ಬರವು ಏನೆಂಬುದು ತಿಳಿಯದು. ಹಿರಿಯ ಪ್ರಾಧ್ಯಾಪಕರು ಒಬ್ಬೊಬ್ಬರಾಗಿ ನಿವೃತ್ತರಾಗಿದ್ದರು, ಅವರ ಹುದ್ದೆಗಳು ತುಂಬಿರಲಿಲ್ಲ. ಉಳಿದಿದ್ದ ಇಬ್ಬರು ಎಲ್ಲ ಪತ್ರಿಕೆಗಳನ್ನೂ ತಾವೇ ಹಂಚಿಕೊಂಡು, ದಿನಕ್ಕೆ ನಾಲ್ಕು ಗಂಟೆ ನಿಂತು ಪಾಠ ಹೇಳಿ ಬಳಲುತ್ತಿದ್ದರು. ಪ್ರಯೋಗಾಲಯಕ್ಕೆ ಬೀಗ ಬಿದ್ದು ಎರಡು ವರ್ಷವಾಗಿತ್ತು. ಪ್ರಯೋಗದ ಪರೀಕ್ಷೆಗೆ ಬೇಕಾದ ರೆಕಾರ್ಡ್ ಪುಸ್ತಕವನ್ನು ಹಿರಿಯ ವಿದ್ಯಾರ್ಥಿಗಳಿಂದ ಎರವಲು ಪಡೆದು, ಅಂಕಿಗಳನ್ನು ಅಲ್ಲಲ್ಲಿ ಒಂದಿಷ್ಟು ಬದಲಿಸಿ ನಕಲು ಮಾಡುವುದು ವಾಡಿಕೆಯಾಗಿತ್ತು. ಇದು ತಪ್ಪೆಂದು ನಮಗೆ ಹೇಳಿದವರಿರಲಿಲ್ಲ, ನಮಗೂ ಹಾಗೆ ತೋರಿರಲಿಲ್ಲ.

ಮೂವರೂ ಒಂದೇ ವಾರದಲ್ಲಿ ಬಂದರು. ಪ್ರಯೋಗದ ಮೇಷ್ಟ್ರು ಬಂದ ದಿನವೇ ಪ್ರಯೋಗಾಲಯದ ಬೀಗ ತೆಗೆಸಿದರು. ಹೊಸದಾಗಿ ಸೇರಿದ್ದ ಅಟೆಂಡರು ಅವರ ಜೊತೆ ನಿಂತು ಬಟ್ಟೆ ಸುತ್ತಿಟ್ಟಿದ್ದ ಒಂದೊಂದೇ ಉಪಕರಣವನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಬಣ್ಣ ಬೆರೆಸುವ ಚಕ್ರ, ಕನ್ನಡಿಯಲ್ಲಿ ನೋಡಿ ನಕ್ಷತ್ರ ಬರೆಯುವ ಹಲಗೆ, ಚಿತ್ರವನ್ನೋ ಪದವನ್ನೋ ಕ್ಷಣಮಾತ್ರ ತೋರಿಸುವ ಟ್ಯಾಕಿಸ್ಟೋಸ್ಕೋಪು, ಮೆಮೊರಿ ಡ್ರಮ್ಮು. ಅವು ಯಾವುದಕ್ಕೆಂದು ಅಟೆಂಡರಿಗೆ ತಿಳಿದಿರಲಿಲ್ಲ. ತಿಳಿಯದ್ದನ್ನು ಕೇಳಲು ಅವರು ನಾಚಲೂ ಇಲ್ಲ. ಮೇಷ್ಟ್ರು ಪ್ರತಿಯೊಂದನ್ನೂ ನಮಗೆ ಹೇಳಿಕೊಡುವ ಮುನ್ನ ಅವರಿಗೆ ಹೇಳಿಕೊಟ್ಟರು. ಆ ಪ್ರಯೋಗಾಲಯದಲ್ಲಿ ಮೊದಲ ಸಬ್ಜೆಕ್ಟ್ ಆಗಿ, ಎಂದರೆ ಪ್ರಯೋಗಕ್ಕೆ ಒಳಗಾಗುವವರಾಗಿ, ಕುಳಿತವರು ಆ ಅಟೆಂಡರೇ.

ಮೊದಲ ತರಗತಿಯಲ್ಲಿ ಮೇಷ್ಟ್ರು ಪೀಠಿಕೆ ಹಾಕಲಿಲ್ಲ. ಜರ್ಮನ್ ಮನಶ್ಶಾಸ್ತ್ರಜ್ಞ ವುಂಟ್ 1879ರಲ್ಲಿ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದದ್ದರಿಂದ ಪಾಠ ಆರಂಭವಾಗುವುದು ನಮಗೆ ರೂಢಿಯಾಗಿತ್ತು. ಇವರು ಮುಲ್ಲರ್-ಲೈಯರ್ ಹಲಗೆಯನ್ನು ಕೈಗೆ ಕೊಟ್ಟರು. ಒಂದು ಗೆರೆಯ ತುದಿಗಳಲ್ಲಿ ಬಾಣದ ಮೊನೆ ಒಳಮುಖವಾಗಿ, ಇನ್ನೊಂದರಲ್ಲಿ ಹೊರಮುಖವಾಗಿ ಇರುವ, ಉದ್ದ ಒಂದೇ ಆದರೂ ಒಂದು ಗೆರೆ ಚಿಕ್ಕದಾಗಿ, ಇನ್ನೊಂದು ದೊಡ್ಡದಾಗಿ ಕಾಣುವ, 1889ರಲ್ಲಿ ಪ್ರಕಟವಾಗಿ ಪಠ್ಯಗಳಲ್ಲಿ ನೆಲೆಯೂರಿದ ಅದೇ ಭ್ರಮೆ. ಎರಡೂ ಗೆರೆಗಳು ಸಮವಾಗಿ ಕಾಣುವವರೆಗೆ ಪಟ್ಟಿಯನ್ನು ಸರಿಸಿ ಎಂದರು. ಭ್ರಮೆ ಎಂತಹುದೆಂದು ನಮಗೆ ಮೊದಲೇ ಗೊತ್ತಿತ್ತು. ಹಾಗಿದ್ದೂ ಹದಿನಾರು ಮಂದಿಯಲ್ಲಿ ಒಬ್ಬರೂ ಸರಿಯಾದ ಉದ್ದಕ್ಕೆ ನಿಲ್ಲಿಸಲಿಲ್ಲ. ಪ್ರತಿಯೊಬ್ಬರ ತಪ್ಪನ್ನೂ ಮಿಲಿಮೀಟರಿನಲ್ಲಿ ಕಪ್ಪುಹಲಗೆಯ ಮೇಲೆ ಬರೆದ ಮೇಷ್ಟ್ರು, “ತಿಳಿದ ಮೇಲೂ ಕಣ್ಣು ಒಪ್ಪಿಕೊಳ್ಳುವುದಿಲ್ಲ, ನೋಡಿದಿರಾ?” ಎಂದು ಕೇಳಿ, ಗಂಟೆ ಮುಗಿಯುವವರೆಗೆ ಮತ್ತೇನನ್ನೂ ಹೇಳದೆ ನಮ್ಮನ್ನು ಆ ಅಂಕಿಗಳ ಮುಂದೆ ಕೂರಿಸಿದರು. ಎರಡು ವರ್ಷ ಓದಿದ ಪತ್ರಿಕೆಗಳ ಹೆಸರುಗಳೇ ಇಂದು ನನಗೆ ಪೂರ್ತಿ ನೆನಪಿಲ್ಲ. ಆ ಹಲಗೆಯ ಮೇಲೆ ನನ್ನ ಹೆಸರಿನ ಮುಂದಿದ್ದ ಅಂಕಿ ನೆನಪಿದೆ: 11.

ಮೂರನೆಯವರು ಸಾಮಾಜಿಕ ಮನಶ್ಶಾಸ್ತ್ರ ಕಲಿಸಲು ಬಂದ ಮೇಡಂ. ಅವರು ಸೇರಿದ ಮರುದಿನ ಕಚೇರಿಯ ಗುಮಾಸ್ತರು ನಮ್ಮ ಹಿಂದಿನ ವರ್ಷದ ಅಂಕಗಳ ವಹಿಯನ್ನು ತಂದು, ಯಾರು ಜಾಣರು, ಯಾರು ಅಲ್ಲ ಎಂಬುದಕ್ಕೆ ಗುರುತು ಹಾಕಿದ್ದ ಪುಟವನ್ನು ತೆರೆದು ಮೇಜಿನ ಮೇಲಿಟ್ಟರಂತೆ. ಮೇಡಂ ಅದನ್ನು ಮುಚ್ಚಿ, ಪರೀಕ್ಷೆ ಮುಗಿಯುವವರೆಗೆ ಇದು ನನಗೆ ಬೇಡ ಎಂದು ಹಿಂದಿರುಗಿಸಿದರು. ಕಾರಣವನ್ನು ನಮಗೆ ತಿಂಗಳುಗಳ ನಂತರ, ಪಾಠದ ನಡುವೆ ಹೇಳಿದರು. ರೋಸೆಂಥಾಲ್ ಮತ್ತು ಜೇಕಬ್ಸನ್ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವ ಆಧಾರವೂ ಇಲ್ಲದೆ ಆರಿಸಿದ ಶೇ. 20ರಷ್ಟು ಮಕ್ಕಳ ಹೆಸರನ್ನು ಶಿಕ್ಷಕರಿಗೆ ಕೊಟ್ಟು, ಇವರು ಈ ವರ್ಷ ಬುದ್ಧಿಯಲ್ಲಿ ಬೆಳೆಯುವವರು ಎಂದು ಹೇಳಲಾಗಿತ್ತು. ವರ್ಷದ ಕೊನೆಗೆ, ವಿಶೇಷವಾಗಿ ಕೆಳಗಿನ ತರಗತಿಗಳಲ್ಲಿ, ಆ ಮಕ್ಕಳ ಅಂಕಗಳು ಉಳಿದವರಿಗಿಂತ ಹೆಚ್ಚಾಗಿ ಏರಿದ್ದವು. ಆ ಫಲಿತಾಂಶದ ಪ್ರಮಾಣವನ್ನೂ ಅಳತೆಯ ವಿಧಾನವನ್ನೂ ಬೇರೆ ವಿದ್ವಾಂಸರು ಪ್ರಶ್ನಿಸಿದ್ದಾರೆ ಎಂಬುದನ್ನು ಮೇಡಂ ಮುಚ್ಚಿಡಲಿಲ್ಲ. “ಪರಿಣಾಮ ಚಿಕ್ಕದಿರಬಹುದು. ಆದರೂ ಅದು ನಿಮ್ಮಲ್ಲಿ ಯಾರ ಮೇಲೆ ಬೀಳುತ್ತದೆಂದು ನನಗೆ ಗೊತ್ತಾಗುವುದಿಲ್ಲವಲ್ಲ” ಎಂದರು. ನಮ್ಮ ತರಗತಿಯಲ್ಲಿ ಆವರೆಗೆ ಬಾಯಿ ತೆರೆಯದಿದ್ದ ಮೂವರು ಆ ವರ್ಷ ಪ್ರಶ್ನೆ ಕೇಳಲು ತೊಡಗಿದರು. ಆ ಮೂವರಲ್ಲಿ ನಾನೂ ಒಬ್ಬ.

ಇನ್ನು ನಮ್ಮ ಕಿತಾಪತಿಯ ವಿಷಯ. ಮೆಮೊರಿ ಡ್ರಮ್ಮಿನ ಕಿಂಡಿಯಲ್ಲಿ ಎರಡು ಸೆಕೆಂಡಿಗೊಂದರಂತೆ ಅರ್ಥವಿಲ್ಲದ ಪದಗಳು ಬರುತ್ತವೆ. ಮೊದಲ ಸುತ್ತಿನಲ್ಲಿ ನೋಡಬೇಕು, ಆಮೇಲಿನ ಸುತ್ತುಗಳಲ್ಲಿ ಮುಂದೆ ಬರುವ ಪದವನ್ನು ಅದು ಕಾಣಿಸುವ ಮೊದಲೇ ಹೇಳಬೇಕು. ಹನ್ನೆರಡನ್ನೂ ತಪ್ಪಿಲ್ಲದೆ ಹೇಳಲು ಎಷ್ಟು ಸುತ್ತು ಬೇಕಾಯಿತೆಂಬುದೇ ಕಲಿಕೆಯ ಅಳತೆ. ಹೊಸ ಮೇಷ್ಟ್ರನ್ನು ಬೆರಗುಗೊಳಿಸಬೇಕೆಂದು ನಾವು ನಾಲ್ವರು ಗೆಳೆಯರು ಹಿಂದಿನ ಸಂಜೆ ಅಟೆಂಡರ ಬಳಿ ಹೋಗಿ, ಉಪಕರಣಗಳನ್ನು ಒರೆಸಿಡುತ್ತೇವೆಂದು ಹೇಳಿ ಕೀಲಿ ಪಡೆದು, ಡ್ರಮ್ಮಿಗೆ ಸುತ್ತಿದ್ದ ಪಟ್ಟಿಯನ್ನು ಬರೆದುಕೊಂಡು ರಾತ್ರಿಯೆಲ್ಲ ಉರುಹೊಡೆದೆವು. ಝಾಕ್, ಮಿಬ್, ಪೆವ್ ಎಂದು ಅದು ಆರಂಭವಾಗುತ್ತಿತ್ತು. ಮರುದಿನ ಅನುಮಾನ ಬಾರದಿರಲೆಂದು ಒಂದೆರಡು ಕಡೆ ಬೇಕೆಂದೇ ತಡವರಿಸಿ, ನೋಡುವ ಸುತ್ತನ್ನು ಬಿಟ್ಟು ನಾಲ್ವರೂ ಎರಡೇ ಸುತ್ತಿನಲ್ಲಿ ಮುಗಿಸಿದೆವು. ಉಳಿದವರಿಗೆ ಹನ್ನೆರಡು, ಹದಿನಾಲ್ಕು ಸುತ್ತು ಹಿಡಿದಿತ್ತು.

ಮೇಷ್ಟ್ರು ಹೊಗಳಲೂ ಇಲ್ಲ, ಗದರಲೂ ಇಲ್ಲ. ನಮ್ಮ ತಪ್ಪುಗಳ ನಕ್ಷೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಯಾರೇ ಆಗಲಿ ಇಂತಹ ಪಟ್ಟಿಯನ್ನು ಕಲಿಯುವಾಗ ಮೊದಲಿನ ಪದಗಳೂ ಕೊನೆಯ ಪದಗಳೂ ಬೇಗ ಹಿಡಿತಕ್ಕೆ ಬರುತ್ತವೆ. ನಡುವಿನವು ಕೊನೆಯವರೆಗೆ ಸತಾಯಿಸುತ್ತವೆ. ಹಾಗಾಗಿ ತಪ್ಪುಗಳ ನಕ್ಷೆ ನಡುವೆ ಉಬ್ಬಿರುತ್ತದೆ. ನಮ್ಮ ನಾಲ್ವರ ನಕ್ಷೆಯೂ ಚಪ್ಪಟೆಯಾಗಿತ್ತು. ಬೇಕೆಂದು ಮಾಡಿದ ತಪ್ಪುಗಳನ್ನು ನಾವು ಪಟ್ಟಿಯ ಎರಡನೆಯ ಪದದಲ್ಲಿಯೂ ಕೊನೆಯ ಪದದಲ್ಲಿಯೂ ಮಾಡಿದ್ದೆವು. “ನಿಮ್ಮ ಪಟ್ಟಿಗೆ ನಡುವೇ ಇಲ್ಲವಲ್ಲ” ಎಂದಷ್ಟೇ ಹೇಳಿ ರೆಕಾರ್ಡಿಗೆ ಸಹಿ ಹಾಕಿದರು. ಪಾರಾದೆವೆಂದು ನಾವು ತಿಳಿದೆವು.

31 ದಿನಗಳ ನಂತರ ನಾಲ್ವರಿಗೂ ಕರೆ ಬಂತು. ನೆನಪಿನ ಬಗ್ಗೆ ಪ್ರಯೋಗ ಮಾಡಿದ ಜರ್ಮನ್ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತನ್ನನ್ನೇ ಏಕೈಕ ಸಬ್ಜೆಕ್ಟ್ ಮಾಡಿಕೊಂಡು, ಒಮ್ಮೆ ಕಲಿತ ಪಟ್ಟಿಯನ್ನು ಇಷ್ಟಿಷ್ಟು ಕಾಲದ ನಂತರ ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯಿತೆಂದು ಅಳೆದಿದ್ದರು. 20 ನಿಮಿಷದ ನಂತರ ಶೇ. 58ರಷ್ಟು ಉಳಿತಾಯ, ಒಂದು ದಿನದ ನಂತರ ಶೇ. 34ರಷ್ಟು, 31 ದಿನಗಳ ನಂತರ ಶೇ. 21ರಷ್ಟು. ಅದೇ ದಿನಕ್ಕೆ ಕಾದು, ಅದೇ ಪಟ್ಟಿಯನ್ನು ಮೇಷ್ಟ್ರು ನಮ್ಮ ಮುಂದೆ ತಿರುಗಿಸಿದರು. ನನಗೆ ಏಳು ಸುತ್ತು ಬೇಕಾಯಿತು. ಮೊದಲಿನ ಸುತ್ತುಗಳಿಂದ ಈಗಿನ ಸುತ್ತುಗಳನ್ನು ಕಳೆದು, ಮೊದಲಿನದರಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಎರಡರಿಂದ ಏಳನ್ನು ಕಳೆದೆ. ಲೆಕ್ಕ ಮುಗಿದಾಗ ನನ್ನ ಉಳಿತಾಯ ಋಣ 250 ಪ್ರತಿಶತ. ಹಾಳೆ ಹರಿಯಲು ಕೈಯೆತ್ತಿದ ನನ್ನನ್ನು ತಡೆದು, “ಬೇಡ, ನಿಮ್ಮ ರೆಕಾರ್ಡಿನಲ್ಲಿ ನಿಜವಾದ ಅಂಕಿ ಇರುವ ಮೊದಲ ಪುಟ ಇದು” ಎಂದು ಮೇಷ್ಟ್ರು ಅದಕ್ಕೂ ಸಹಿ ಮಾಡಿದರು.

ಆಗ ಬಾಗಿಲ ಬಳಿ ನಿಂತಿದ್ದ ಅಟೆಂಡರು ಮುಂದೆ ಬಂದು, “ಕೀಲಿ ಕೊಟ್ಟವನು ನಾನು ಸಾರ್” ಎಂದರು. ಕೆಲಸಕ್ಕೆ ಸೇರಿ ಇನ್ನೂ ಕಾಯಂ ಆಗಿರಲಿಲ್ಲ ಅವರು. ಆ ಮಾತು ಅವರ ಅನ್ನಕ್ಕೆ ಎರವಾಗಬಹುದಿತ್ತು. ಅದುವರೆಗೆ ನಾಚಿಕೆಯಷ್ಟೇ ಇದ್ದ ನಮಗೆ ಆಗ ನಿಜವಾಗಿ ಹೆದರಿಕೆಯಾಯಿತು. ನಾಲ್ವರೂ ಒಟ್ಟಿಗೆ, ಸುಳ್ಳು ಹೇಳಿ ಪಡೆದದ್ದು ನಾವು ಎಂದೆವು. ಮೇಷ್ಟ್ರು ಪ್ರಯೋಗಾಲಯದ ದಿನಚರಿಯನ್ನು ತೆರೆದು ಒಂದು ಸಾಲು ಬರೆದು ಅಟೆಂಡರ ಕೈಗೆ ಕೊಟ್ಟರು. ಇಂದಿನಿಂದ ವಿದ್ಯಾರ್ಥಿಗಳ ಅಭ್ಯಾಸಕ್ಕಾಗಿ ಪ್ರಯೋಗಾಲಯವು ಸಂಜೆ ಏಳರವರೆಗೆ ತೆರೆದಿರತಕ್ಕದ್ದು, ಕೀಲಿಯ ಹೊಣೆ ಅಟೆಂಡರದು ಎಂದಿತ್ತು ಆ ಸಾಲಿನಲ್ಲಿ.

ಆ ಸಂಜೆಗಳಲ್ಲಿ ನಾನು ಕಲಿತದ್ದು ತರಗತಿಗಳಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಕನ್ನಡಿ ನೋಡಿ ನಕ್ಷತ್ರ ಬರೆಯುವ ಹಲಗೆಯ ಮುಂದೆ ಬಲಗೈಯನ್ನು ಪಳಗಿಸಿದರೆ, ಅಭ್ಯಾಸವೇ ಇಲ್ಲದ ಎಡಗೈಯೂ ಚುರುಕಾಗುವುದನ್ನು ಸ್ಟಾಪ್‌ವಾಚ್ ಹಿಡಿದು ಅಳೆದೆ. ಹೊಸ ನೆನಪುಗಳನ್ನು ಉಳಿಸಿಕೊಳ್ಳುವ ಶಕ್ತಿ ಕಳೆದುಕೊಂಡಿದ್ದ ಎಚ್.ಎಂ. ಎಂಬ ರೋಗಿ, ತಾನು ಹಿಂದೆ ಆ ಕೆಲಸ ಮಾಡಿದ್ದೇ ಗೊತ್ತಿಲ್ಲದೆಯೂ, ದಿನದಿಂದ ದಿನಕ್ಕೆ ಅದೇ ನಕ್ಷತ್ರವನ್ನು ಹೆಚ್ಚು ಸರಿಯಾಗಿ ಬರೆದುದನ್ನು ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ದಾಖಲಿಸಿದ ಕಥೆಯನ್ನು ಮೇಷ್ಟ್ರು ಹೇಳಿದ್ದು ಆ ಹಲಗೆಯ ಪಕ್ಕದಲ್ಲಿ ನಿಂತೇ. ಕನ್ನಡಿಯ ಮುಂದೆ ಕೈ ಮೊಂಡು ಹಿಡಿಯುವ ಕ್ಷಣದ ಬಗ್ಗೆ ನಾನು ಬರೆದ ಅಂತರವಲೋಕನ (ತನ್ನ ಮನಸ್ಸಿನಲ್ಲಿ ನಡೆದುದನ್ನು ತಾನೇ ಗಮನಿಸಿ ಬರೆಯುವ) ವರದಿಯನ್ನು ಅವರು ಮುಂದಿನ ಹಲವು ತಂಡಗಳಿಗೆ ಓದಿ ಹೇಳಿದರೆಂದು ಕೇಳಿ ನನಗೆ ಇಂದಿಗೂ ಹೆಮ್ಮೆಯಿದೆ. 26 ವರ್ಷಗಳಿಂದ ಚಿಕಿತ್ಸಾ ಮನಶ್ಶಾಸ್ತ್ರದ ಕೆಲಸ ಮಾಡುತ್ತಿರುವ ನಾನು ಇಂದಿಗೂ ಪರೀಕ್ಷೆ ಮಾಡದೆ ಒಂದು ಅಂಕಿಯನ್ನೂ ವರದಿಯಲ್ಲಿ ಬರೆದವನಲ್ಲ. ನನ್ನ ವರದಿಯೆಂದರೆ ಮರುಪರೀಕ್ಷೆ ಬೇಡ ಎನ್ನುವ ವೈದ್ಯರಿದ್ದಾರೆ. ಅದು ಋಣ 250ರಿಂದ ಬಂದ ಗಳಿಕೆ.

ಈಗಿನ ವಿಭಾಗಗಳನ್ನು ನೋಡಿದಾಗ ನನಗೆ ನೋವಾಗುವುದು ಇಲ್ಲಿಯೇ. ಹೊಸ ಅಧ್ಯಾಪಕರಲ್ಲಿ ಅನೇಕರು ಅತಿಥಿ ಉಪನ್ಯಾಸಕರೆಂದು ಬಂದು ಗಂಟೆಗಿಷ್ಟು ಎಂಬ ಲೆಕ್ಕದಲ್ಲಿ ಪಾಠ ಹೇಳಿ, ವಿದ್ಯಾರ್ಥಿಗಳ ಹೆಸರು ಬಾಯಿಗೆ ಬರುವಷ್ಟರಲ್ಲಿ ಹೊರಡಬೇಕಾಗುತ್ತದೆ. ಸಹಾಯಕ ಸಿಬ್ಬಂದಿ ಗುತ್ತಿಗೆಯ ಮೇಲೆ ಬದಲಾಗುತ್ತಲೇ ಇರುತ್ತಾರಾದ್ದರಿಂದ ಯಾವ ಉಪಕರಣ ಯಾವ ಕಪಾಟಿನಲ್ಲಿದೆಯೆಂದು ಬಲ್ಲವರಿರುವುದಿಲ್ಲ. ಕಂಪ್ಯೂಟರಿನ ಪ್ರಯೋಗಗಳನ್ನು ನಾನು ಹಳಿಯುವವನಲ್ಲ. ಪ್ರತಿಕ್ರಿಯೆಯ ಕಾಲವನ್ನು ಅವು ನಮ್ಮ ಸ್ಟಾಪ್‌ವಾಚಿಗಿಂತ ಎಷ್ಟೋ ಖಚಿತವಾಗಿ ಅಳೆಯುತ್ತವೆ. ಆದರೆ ವಿದ್ಯಾರ್ಥಿಯ ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಲು ಬಿಡುವಿರುವ ಒಬ್ಬರು ಅಲ್ಲಿರಬೇಕು. 31 ದಿನ ಕಾಯಬೇಕಾದರೆ, 31 ದಿನಗಳ ನಂತರವೂ ತಾನು ಅಲ್ಲಿರುತ್ತೇನೆಂಬ ಭರವಸೆ ಆ ಅಧ್ಯಾಪಕರಿಗೆ ಇರಬೇಕು. ಈ ವರ್ಷ ಬಂದ ಮೂವರೂ ಕಾಯಂ ಹುದ್ದೆಗಳಿಗೆ ಬಂದವರೆಂದು ತಿಳಿದು ನನಗಾದ ಸಂತೋಷ ಸಣ್ಣದಲ್ಲ.

ಕಳೆದ ತಿಂಗಳು ಮೇಷ್ಟ್ರ ಶ್ರದ್ಧಾಂಜಲಿ ಸಭೆಗೆ ಹಳೆಯ ವಿದ್ಯಾರ್ಥಿಗಳು ಸೇರಿದ್ದೆವು. ಮೇಡಂ ಬಂದಿದ್ದರು, ಕಣ್ಣು ಮಂದವಾಗಿದ್ದರೂ ದನಿಯಿಂದಲೇ ನಮ್ಮೆಲ್ಲರ ಹೆಸರು ಹಿಡಿದರು. ಸಭೆ ಮುಗಿದು ಪ್ರಯೋಗಾಲಯದೊಳಗೆ ನಿಂತಿದ್ದಾಗ ಗೆಳೆಯನೊಬ್ಬ ಡ್ರಮ್ಮಿನ ಮೇಲೆ ಕೈಯಿಟ್ಟು “ಝಾಕ್” ಎಂದ. ಇನ್ನೊಬ್ಬಳು “ಮಿಬ್” ಎಂದಳು, ನಾನು “ಪೆವ್” ಎಂದೆ. ಅಲ್ಲಿಗೆ ನಿಂತಿತು. ಕೊನೆಯ ಎರಡು ಪದಗಳು ಗೋಫ್, ರುಝ್ ಎಂದು ಮತ್ತಾರೋ ನೆನಪಿಸಿದರು. ನಡುವಿನ ಏಳು ಒಬ್ಬರಿಗೂ ಬಾರವು.

ಹಿಂದೆ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದ ನಿವೃತ್ತ ಅಟೆಂಡರು, ಅಷ್ಟು ವರ್ಷ ಆ ಪಟ್ಟಿಯನ್ನು ತಮ್ಮ ಕೈಯಿಂದಲೇ ಡ್ರಮ್ಮಿಗೆ ಸುತ್ತಿದ್ದವರು, ತಲೆಯೆತ್ತದೆಯೇ ಹೇಳತೊಡಗಿದರು: “ಬೂಪ್, ತಿಜ್, ಕೆಫ್, ನೆಝ್, ವುಘ್…” ಹೊಸದಾಗಿ ಸೇರಿದ ಸಹಾಯಕರು ಅವರ ಪಕ್ಕದಲ್ಲಿ ಮಂಡಿಯೂರಿ ಕುಳಿತು, “ನಿಧಾನ ಸಾರ್” ಎನ್ನುತ್ತ ಒಂದೊಂದನ್ನೇ ಬರೆದುಕೊಂಡರು.