ಟಗರು ಬೀಳಲಿಲ್ಲ

ಜನವರಿ 18, 2025, ಶನಿವಾರ, ಫೀನಿಕ್ಸ್

ಗುಂಡು ತಾಗಿದ್ದು ಚೆನ್ನಾಗಿ ಕೇಳಿಸಿತು. ಗುಂಡು 200 ಮೀಟರ್ ಹೋಗಿ ಆ ಠಣ್ ಸದ್ದು ವಾಪಸ್ ಬರಲು ಹತ್ತಿರ ಹತ್ತಿರ ಒಂದು ಸೆಕೆಂಡ್ ಬೇಕು, ಅಷ್ಟು ಹೊತ್ತು ನಾನು ಉಸಿರು ಬಿಡುವುದಿಲ್ಲ. ಸದ್ದು ಬಂತು. ಕಬ್ಬಿಣದ ಟಗರು ಸ್ವಲ್ಪ ಅಲುಗಿ ನಿಂತೇ ಇತ್ತು. ಸಿಲುಯೆಟ್ ಅಂದರೆ ಕಬ್ಬಿಣದ ಪ್ರಾಣಿಯಾಕಾರಗಳಿಗೆ ಪಿಸ್ತೂಲಿನಿಂದ ಗುರಿಯಿಡುವ ಆಟ, ಅದರಲ್ಲಿ ತಾಗಿದರೆ ಸಾಲದು, ಬೀಳಬೇಕು. 50 ಮೀಟರಿನ ಕೋಳಿ, 100ರ ಹಂದಿ, 150ರ ಟರ್ಕಿ ಇವತ್ತು ಪರವಾಗಿಲ್ಲ.

"ಹಿಂಗಾಲಿಗೆ ತಾಗಿದೆ" ಅಂದರು ಮೇಷ್ಟ್ರು, ದುರ್ಬೀನಿನಿಂದ ಕಣ್ಣು ತೆಗೆಯದೆ. ಆಮೇಲೆ ಕೇಳಿದರು: "ಮುಂದಿನ ತಿಂಗಳು ಹ್ಯಾವೆಲೀನಾಗೆ ಎಷ್ಟು ದೂರದಿಂದ ಹೊಡೀತೀಯ?"

ಹ್ಯಾವೆಲೀನಾ ಅಂದರೆ ಇಲ್ಲಿನ ಮರುಭೂಮಿಯ ಹಂದಿಯಂಥ ಕಾಡುಪ್ರಾಣಿ. ಅದರ ಬೇಟೆಯ ಫೆಬ್ರವರಿಯ ಹ್ಯಾಮ್ ಸೀಸನ್‌ಗೆ ನನಗೆ ಟ್ಯಾಗ್, ಅಂದರೆ ಪರವಾನಗಿ ಚೀಟಿ, ಸಿಕ್ಕಿದೆ. ಅದರಲ್ಲಿ ಮಾಮೂಲಿ ರೈಫಲ್ ಇಲ್ಲ, ಹ್ಯಾಂಡ್‌ಗನ್, ಬಿಲ್ಲು, ನಳಿಗೆಯ ಬಾಯಿಂದ ಮದ್ದು ತುಂಬುವ ಮಜಲ್‌ಲೋಡರ್ ಅಷ್ಟೇ. "150 ಮೀಟರ್" ಅಂದೆ.

ಅವರು ಏನೂ ಹೇಳಲಿಲ್ಲ. ಕಾರಿನಿಂದ ಊಟದ ಕಾಗದದ ತಟ್ಟೆ ತಂದು 100 ಮೀಟರಿಗೆ ನಿಲ್ಲಿಸಿದರು. ಆಟದಲ್ಲಿ ನಾನು ಬೆನ್ನ ಮೇಲೆ ಮಲಗಿ, ಮಡಚಿದ ಕಾಲಿಗೆ ನಳಿಗೆ ಆನಿಸಿ ಹೊಡೆಯುತ್ತೇನೆ. "ಮಲಗಬೇಡ. ಮರುಭೂಮಿಯಲ್ಲಿ ಮುಳ್ಳು ಕಳ್ಳಿ ಮೇಲೆ ಮಲಗ್ತೀಯಾ? ಕೂತು ಹೊಡಿ."

ಐದು ಗುಂಡಿನಲ್ಲಿ ಮೂರು ತಟ್ಟೆಗೆ ತಾಗಿದವು. 75ಕ್ಕೆ ತಂದಾಗ ಒಂದು ಹೊರಗೆ ಹೋಯಿತು. 50ಕ್ಕೆ ಐದೂ ಒಳಗೆ.

"ಹಾಗಾದ್ರೆ ನಿನ್ನ ದೂರ 50" ಅಂದರು.

ಬೇಜಾರಾಯಿತು. ನನ್ನ ಕಂಟೆಂಡರ್ ಪಿಸ್ತೂಲಿನಲ್ಲಿ ತಪ್ಪಿಲ್ಲ. 1967ರಲ್ಲಿ ಬಂದ ಮಾದರಿ, ಸಲಕ್ಕೆ ಒಂದೇ ಗುಂಡು, 14 ಇಂಚಿನ ನಳಿಗೆ, ಮೇಲೆ ದೂರದರ್ಶಕ. ಆದರೆ ರೈಫಲ್ ಆದರೆ ಆನಿಸಲು ಭುಜ ಇದೆ, ಕೆನ್ನೆ ಇದೆ. ಇಲ್ಲಿ ಬರೀ ಎರಡು ಕೈ, ನಾಡಿ ಬಡಿದರೂ ದೂರದರ್ಶಕದೊಳಗಿನ ಗುರಿಗೆರೆ, ಅಂದರೆ ಕ್ರಾಸ್‌ಹೇರ್, ಕುಣಿಯುತ್ತದೆ.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಮಡಿಕೇರಿಯಲ್ಲಿ ಚಳಿಯಂತೆ, ಕಾಫಿ ಕೊಯ್ಯಲು ಆಳು ಸಿಗ್ತಿಲ್ಲವಂತೆ. ತಟ್ಟೆಯ ವಿಷಯ ಹೇಳಿದೆ. ಕೊಡಗಿನ ಆಯುಧ ಹಬ್ಬ ಕೈಲ್ ಪೋಳ್ದ್ ದಿನ ಮರದ ತುದಿಯ ತೆಂಗಿನಕಾಯಿಯನ್ನು ಒಂದೇ ಗುಂಡಿಗೆ ಒಡೆದವನು ನಾನು ಅಂತ ಅವರು ನೆನಪಿಸ್ತಾರೆ ಅಂದುಕೊಂಡಿದ್ದೆ. ಅದರ ಬದಲು ತಾತನ ಸುದ್ದಿ ತೆಗೆದರು. 1972ರ ವನ್ಯಜೀವಿ ರಕ್ಷಣಾ ಕಾನೂನಿಗೆ ಮುಂಚೆ, ತಾತ ಸಂಜೆಗತ್ತಲಲ್ಲಿ ದೂರದ ಹಂದಿಗೆ ಕೋವಿ ಹೊಡೆದು, ಅದು ಗಾಯ ಹೊತ್ತು ಏಲಕ್ಕಿ ತೋಟಕ್ಕೆ ನುಗ್ಗಿತಂತೆ. ಲಾಟೀನು ಹಿಡಿದು ರಾತ್ರಿಯಿಡೀ ಹುಡುಕಿದರಂತೆ. ಸಿಗಲಿಲ್ಲ. "ಬೆಳಿಗ್ಗೆ ಬಂದು ಯಾರ ಹತ್ರವೂ ಮಾತಾಡಲಿಲ್ಲ ಮಗ, ನಾನು ಚಿಕ್ಕವನು, ಯಾಕೆ ಅಂತ ಗೊತ್ತಾಗಲಿಲ್ಲ."

ಟಗರಿನ ಹಿಂಗಾಲಿನ ಮೇಲೆ ಬಿದ್ದ ಸೀಸದ ಬೂದು ಕಲೆ ಇನ್ನೂ ಕಣ್ಣ ಮುಂದೆ ಇದೆ. ಅದು ಕಬ್ಬಿಣ. ಬಣ್ಣ ಹೊಡೆದರೆ ಆಯಿತು.

ಟ್ಯಾಗ್ ಫ್ರಿಜ್ ಮೇಲಿದೆ. 50 ಮೀಟರ್ ಹತ್ತಿರ ಹೋಗಬೇಕು ಅಂದರೆ ಗಾಳಿ ನೋಡಿಕೊಂಡು ಹೋಗಬೇಕು, ಹ್ಯಾವೆಲೀನಾಗೆ ಕಣ್ಣು ಮಂದ, ಮೂಗು ಜೋರು. ಬೂಟಿನ ಸದ್ದು ಬೇರೆ. ಇವಳು ಊಟಕ್ಕೆ ಕರೀತಿದ್ದಾಳೆ. ನಾಳೆ ತಟ್ಟೆಗಳ ಒಂದು ಕಟ್ಟು ತಗೊಂಡು, ಮೊದಲು 60ಕ್ಕೆ ಇಟ್ಟು